ಸೋಲಾರ್ ಪಂಪ್ ಹಾಕಿಸುವ ಮುನ್ನ: ಬೇ ಏರಿಯಾದ ನಿಯಮ, ಊರಿನ ಬಾವಿಗೂ ಅನ್ವಯ

ಸ್ಯಾನ್ ಫ್ರಾನ್ಸಿಸ್ಕೊ ಬೇ ಏರಿಯಾ ಎಂದರೆ ಸಾಫ್ಟ್‌ವೇರ್ ಕಂಪೆನಿಗಳಷ್ಟೇ ಅಲ್ಲ. ನಾಪಾ, ಸೊನೋಮಾ ಕಡೆಯ ದ್ರಾಕ್ಷಿ ತೋಟ, ಹಳ್ಳಿ ಮನೆಗಳಲ್ಲಿ ಇವತ್ತಿಗೂ ಬಾವಿ ನೀರಿನ ಬಳಕೆಯಿದೆ. ಅಲ್ಲಿ ಸೋಲಾರ್ ಪಂಪ್ ಕೂರಿಸಲು ಕ್ಯಾಲಿಫೋರ್ನಿಯಾ ಇಲೆಕ್ಟ್ರಿಕಲ್ ಕೋಡ್ ಪಾಲಿಸಬೇಕು. ಅಮೆರಿಕದ ನ್ಯಾಷನಲ್ ಇಲೆಕ್ಟ್ರಿಕಲ್ ಕೋಡ್ ಇದಕ್ಕೆ ಮೂಲ. ಅದರ 690ನೇ ವಿಧಿ ಸೋಲಾರ್‌ಗೆ ಸಂಬಂಧಿಸಿದ್ದು. ಗಲ್ಫ್‌ನಲ್ಲಿ ದುಡಿದು ಊರಿನ ತೋಟಕ್ಕೆ ಪಂಪ್ ಹಾಕಿಸುವವರೂ ಇದರ ಮುಖ್ಯ ಅಂಶ ತಿಳಿದಿರಬೇಕು. ಹಣ ಕಳಿಸುವವರು ಇಲ್ಲಿ, ಪಂಪ್ ಮುಟ್ಟುವವರು ಅಲ್ಲಿ ಅಮ್ಮನೋ ಹೆಂಡತಿಯೋ.

ಬಿಸಿಲಿಗೆ ಮೇನ್ ಸ್ವಿಚ್ ಇಲ್ಲ: ಪ್ಯಾನೆಲ್ ಮೇಲೆ ಬೆಳಕು ಬೀಳುವಷ್ಟು ಹೊತ್ತೂ ವೋಲ್ಟೇಜ್ ಇದ್ದೇ ಇರುತ್ತದೆ. ಸಾಲಾಗಿ ಜೋಡಿಸಿದರೆ ಅದು ಕೂಡುತ್ತಾ ಹೋಗುತ್ತದೆ. ತಲಾ 40 ವೋಲ್ಟಿನ 10 ಪ್ಯಾನೆಲ್ ಸೇರಿದರೆ 400 ವೋಲ್ಟ್ ಡಿಸಿ. ಹಾಗಾಗಿ ಪ್ಯಾನೆಲ್ ಕಡೆಯ ಕರೆಂಟ್ ಕಡಿಯಲು ಡಿಸಿ ಡಿಸ್‌ಕನೆಕ್ಟ್ ಸ್ವಿಚ್ ಬೇಕು. ಊರಿನ ಎಸಿ ಕರೆಂಟ್ ಸೆಕೆಂಡಿಗೆ 100 ಸಲ ಸೊನ್ನೆಗೆ ಇಳಿಯುವುದರಿಂದ ಸ್ವಿಚ್ಚಿನೊಳಗಿನ ಕಿಡಿ ಬೇಗ ಆರುತ್ತದೆ. ಡಿಸಿಗೆ ಆ ಬಿಡುವಿಲ್ಲ. ಮನೆಯ ಎಸಿ ಎಂಸಿಬಿಯನ್ನೇ ಹಾಕಿಬಿಟ್ಟರೆ ಬೆಂಕಿಯ ಅಪಾಯ. ಪಂಪ್ ಓಡುವಾಗ ಪ್ಯಾನೆಲ್ ಕನೆಕ್ಟರ್ ಎಳೆಯುವುದೂ ಅಷ್ಟೇ ಅಪಾಯಕಾರಿ.

ಕೇಸಿಂಗ್ ಪೈಪಿಗೂ ಅರ್ತಿಂಗ್: ಸಬ್‌ಮರ್ಸಿಬಲ್ ಪಂಪ್ ಇಳಿಸಿದ ಬಾವಿಯ ಕೇಸಿಂಗ್ ಲೋಹದ್ದಾಗಿದ್ದರೆ, ಅದನ್ನು ಪಂಪಿನ ಅರ್ತ್ ವೈರಿಗೆ ಜೋಡಿಸಬೇಕು ಎನ್ನುತ್ತದೆ 250.112ನೇ ಕಲಮು. ಮೋಟಾರಿನ ಇನ್ಸುಲೇಶನ್ ಹೋದರೆ ಕರೆಂಟ್ ಕೇಸಿಂಗ್‌ಗೆ ಹತ್ತುತ್ತದೆ. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತು ಪೈಪ್ ಹಿಡಿದವರ ಮೈಯೇ ಆಗ ಅರ್ತಿಂಗ್! ಪ್ಯಾನೆಲ್‌ಗಳ ಫ್ರೇಮು, ಕಬ್ಬಿಣದ ಸ್ಟ್ಯಾಂಡನ್ನೂ ಇದೇ ಅರ್ತಿಂಗ್‌ಗೆ ಸೇರಿಸಬೇಕು. ಮಣ್ಣಲ್ಲಿ ರಾಡ್ ಹೂತು ಕೈತೊಳೆದುಕೊಂಡರೆ ಸಾಲದು.

ಪರ್ಮಿಟ್, ಲೈಸೆನ್ಸ್: ಬೇ ಏರಿಯಾದಲ್ಲಿ ವೈರಿಂಗ್‌ಗೆ ನಗರ ಅಥವಾ ಕೌಂಟಿಯ ಕಟ್ಟಡ ವಿಭಾಗದ ಪರ್ಮಿಟ್ ಬೇಕು, ಇನ್‌ಸ್ಪೆಕ್ಟರ್ ಬಂದು ನೋಡುತ್ತಾರೆ. ಸಾಂತಾ ಕ್ಲಾರಾ ಕೌಂಟಿಯಲ್ಲಿ ಬಾವಿ ಕೊರೆಯಲು ವ್ಯಾಲಿ ವಾಟರ್ ಸಂಸ್ಥೆಯ ಅನುಮತಿ ಬೇರೆ. ರಾಜ್ಯದಲ್ಲಿ ಇಲೆಕ್ಟ್ರಿಕಲ್ ಗುತ್ತಿಗೆದಾರರಿಗೆ ಸಿ-10, ಸೋಲಾರ್‌ಗೆ ಸಿ-46, ಬಾವಿ ಕೊರೆಯುವವರಿಗೆ ಸಿ-57 ಎಂಬ ಲೈಸೆನ್ಸ್‌ಗಳಿವೆ.

ಊರಿನಲ್ಲಿ: 2019ರಲ್ಲಿ ಆರಂಭವಾದ ಪಿಎಂ-ಕುಸುಮ್ ಯೋಜನೆಯಲ್ಲಿ ಸೋಲಾರ್ ಪಂಪ್‌ಗೆ ಸಬ್ಸಿಡಿ ಇದೆ. ಆದರೆ ಸಬ್ಸಿಡಿ ಸಿಕ್ಕಿತೆಂದು ಸುರಕ್ಷತೆ ಮರೆಯಬಾರದು. ಕೊನೆಯ ಕಂತು ಕಳಿಸುವ ಮೊದಲು ವಾಟ್ಸ್‌ಆ್ಯಪ್‌ನಲ್ಲಿ ಮೂರು ಫೋಟೋ ತರಿಸಿಕೊಳ್ಳಿ: ಡಿಸಿ ಎಂದು ಬರೆದಿರುವ ಸ್ವಿಚ್, ಕೇಸಿಂಗ್‌ಗೆ ಬಿಗಿದ ಅರ್ತ್ ವೈರ್, ಪ್ಯಾನೆಲ್ ಸ್ಟ್ಯಾಂಡಿನ ಅರ್ತಿಂಗ್. ಮೂರರಲ್ಲಿ ಒಂದು ಇಲ್ಲದಿದ್ದರೂ ಪಂಪ್ ಚಾಲೂ ಮಾಡಿಸಬೇಡಿ.