ವಿಜಾಪುರ ಸೀಮೆಯ ನೇರ ಹೊಲಿಗೆ

ಬಸವಣ್ಣನವರು ಹುಟ್ಟಿದ ಬಾಗೇವಾಡಿಯೂ, ಸಿದ್ಧಲಿಂಗ ಮಹಾರಾಜರ ಮಠದಿಂದ ಪ್ರಸಿದ್ಧವಾದ ಲಚ್ಯಾಣವೂ ಸೇರಿದ ವಿಜಾಪುರ ಸೀಮೆಯಲ್ಲಿ ಸೂಜಿಗೆ ಸಂದ ಗೌರವ ಬಹು ಪ್ರಾಚೀನವಾದುದು. ಹನ್ನೆರಡನೆಯ ಶತಮಾನದ ಶರಣಸಮೂಹದಲ್ಲಿ, ವಸ್ತ್ರ ಹೊಲಿಯುವುದನ್ನೇ ಕಾಯಕವಾಗಿ ಕೈಕೊಂಡು ರಾಮೇಶ್ವರಲಿಂಗವೆಂಬ ಅಂಕಿತದಲ್ಲಿ ವಚನಗಳನ್ನು ರಚಿಸಿದ ಸೂಜಿಕಾಯಕದ ರಾಮಿತಂದೆಗೂ ಸ್ಥಾನವಿದ್ದಿತು. ಮುಂದೆ ಈ ವೃತ್ತಿಯು ಶಿವಸಿಂಪಿಗರಲ್ಲಿಯೂ ನಾಮದೇವ ಸಿಂಪಿಗರಲ್ಲಿಯೂ ವಂಶಪಾರಂಪರ್ಯವಾಗಿ ನೆಲೆನಿಂತಿತು. ಗರತಿಯ ಹಾಡುಗಳನ್ನು ಸಂಗ್ರಹಿಸಿ ಕನ್ನಡಕ್ಕೆ ಮಹದುಪಕಾರ ಮಾಡಿದ ಹಲಸಂಗಿಯ ಗೆಳೆಯರಲ್ಲೊಬ್ಬರಾದ ಚಡಚಣದ ಸಿಂಪಿ ಲಿಂಗಣ್ಣನವರ ಹೆಸರಿನಲ್ಲಿ ಅದರ ಗುರುತು ಇಂದಿಗೂ ಉಳಿದಿದೆ.

ಆದರೆ ನನ್ನ ಮತದಲ್ಲಿ, ನೇರ ಹೊಲಿಗೆಯ ಇತಿಹಾಸವನ್ನು ಅರಸುವವರು ಸಿಂಪಿಗನ ಅಂಗಡಿಗಿಂತ ಮೊದಲು ಮನೆಯ ಪಡಸಾಲೆಗೆ ಹೋಗಬೇಕು. ಹಳೆಯ ಸೀರೆ ಧೋತರಗಳನ್ನು ಪದರಪದರವಾಗಿ ಹಾಸಿ ಕೌದಿ ಹೊಲಿಯಲು ಕುಳಿತ ಹೆಣ್ಣುಮಗಳು, ಅಳತೆಯ ಪಟ್ಟಿಯಾಗಲಿ ಬಳಪದ ಗೆರೆಯಾಗಲಿ ಇಲ್ಲದೆ, ಮೊದಲ ಸಾಲಿಗೆ ಬಟ್ಟೆಯ ಅಂಚನ್ನೂ ಅನಂತರದ ಪ್ರತಿಯೊಂದು ಸಾಲಿಗೆ ಅದರ ಹಿಂದಣ ಸಾಲನ್ನೂ ಪ್ರಮಾಣವಾಗಿಟ್ಟುಕೊಂಡು, ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ಸಮಾಂತರವಾಗಿ ಸಾಗುತ್ತಾಳೆ. ಕೂಸಿನ ಕುಂಚಿಗೆ ಕುಲಾವಿಗಳೂ ಇಂತಹ ಕೈಗಳಲ್ಲಿಯೇ ರೂಪುಗೊಂಡವು. ಹೊಲಿಗೆಯಂತ್ರವು ಬರುವ ಮೊದಲೇ ಅದಕ್ಕೆ ಬೇಕಾದ ದೃಷ್ಟಿಯು ಇಲ್ಲಿ ಸಿದ್ಧವಾಗಿದ್ದಿತು.

ಅಮೇರಿಕೆಯಲ್ಲಿ ಎಲಿಯಾಸ್ ಹೌ 1846ರಲ್ಲಿಯೂ ಐಸಾಕ್ ಸಿಂಗರ್ 1851ರಲ್ಲಿಯೂ ಹಕ್ಕುಪತ್ರ ಪಡೆದ ಯಂತ್ರಗಳಿಂದ ಹೊಸ ಯುಗವು ಆರಂಭವಾಯಿತು. 1880ರ ದಶಕದಲ್ಲಿ ಹೋಟಗಿಯಿಂದ ವಿಜಾಪುರದ ಮಾರ್ಗವಾಗಿ ಗದಗಿನತ್ತ ಹಾಸಿದ ರೈಲುಹಾದಿಯು, ಲಚ್ಯಾಣವನ್ನು ಸೊಲ್ಲಾಪುರಕ್ಕೂ ಅದರ ಮೂಲಕ ಮುಂಬಯಿಯ ಪೇಟೆಗೂ ಜೋಡಿಸಿ, ಇಂತಹ ಯಂತ್ರಗಳು ಈ ಸೀಮೆಗೆ ಬರಲು ದಾರಿ ತೆರೆಯಿತು. ಗಾಂಧೀಜಿಯವರು 1924ರಲ್ಲಿ, ಬೆಳಗಾವಿಯ ಕಾಂಗ್ರೆಸ್ಸಿನ ಅಧ್ಯಕ್ಷಪೀಠವನ್ನೇರುವ ಕೆಲವೇ ವಾರಗಳ ಮುಂಚೆ, ಯಂತ್ರಗಳ ವಿಷಯದಲ್ಲಿ ತಮ್ಮ ವಿರೋಧಕ್ಕೆ ಸಿಂಗರನ ಹೊಲಿಗೆಯಂತ್ರವನ್ನು ಅಪವಾದವೆಂದು ಹೇಳಿದರು. ಹೆಂಡತಿಯ ಶ್ರಮವನ್ನು ತಗ್ಗಿಸಬೇಕೆಂಬ ಸಿಂಗರನ ಪ್ರೇಮದಿಂದ ಅದು ಹುಟ್ಟಿತೆಂಬುದು ಅವರ ಭಾವನೆ. ಮುಂದಿನ ದಶಕದಲ್ಲಿ ಕಲಕತ್ತೆಯಲ್ಲಿ ಉಷಾ ಹೊಲಿಗೆಯಂತ್ರಗಳ ತಯಾರಿಕೆ ಮೊದಲಾಯಿತು.

ಈ ಯಂತ್ರದ ರಹಸ್ಯವು ಎರಡು ದಾರಗಳಲ್ಲಿದೆ. ತುದಿಯಲ್ಲಿಯೇ ಕಣ್ಣುಳ್ಳ ಸೂಜಿಯು ಮೇಲಣ ದಾರವನ್ನು ಕೆಳಗಿಳಿಸಿದೊಡನೆ, ಅಡಿಯ ಬಾಬಿನ್ನಿನ ದಾರವು ಅದರೊಡನೆ ಹೆಣೆದುಕೊಂಡು, ಬಿಗಿತವು ಎರಡರಲ್ಲಿಯೂ ಸಮವಾಗಿದ್ದರೆ, ಬಟ್ಟೆಯ ಪದರಗಳ ನಡುವೆ ಕೊಂಡಿಯಾಗುತ್ತದೆ. ಸೂಜಿ ಮೇಲೆದ್ದಾಗ ಕೆಳಗಿನ ಹಲ್ಲುಗಳು ಬಟ್ಟೆಯನ್ನು ಒಂದು ಹೊಲಿಗೆಯಷ್ಟು ಮುಂದೂಡುತ್ತವೆ. ಬಟ್ಟೆಯನ್ನು ಸಾಗಿಸುವ ಭಾರ ಹಲ್ಲುಗಳದೇ ಆದುದರಿಂದ ಕೈಯು ದಾರಿ ತೋರಿದರೆ ಸಾಕು. ಅವಸರದಿಂದ ಹಿಂದಿನಿಂದ ಎಳೆದರೆ ಸೂಜಿ ಬಾಗಿ, ಸಾಲು ಓರೆಯಾಗುತ್ತದೆ. ಕುಣಿಯುವ ಸೂಜಿಯ ಮೇಲೆ ಕಣ್ಣಿಟ್ಟವರಿಗೆ ನೇರ ಹೊಲಿಗೆ ಒಲಿಯದು. ಸೂಜಿಯನ್ನು ಮರೆತು, ಬಟ್ಟೆಯ ಅಂಚು ಒತ್ತುಕಾಲಿನ ಪಕ್ಕದಿಂದ ಒಂದೇ ಅಂತರದಲ್ಲಿ ಸಾಗುತ್ತಿದೆಯೇ ಎಂದು ನೋಡುವವರಿಗೆ ಅದು ತಾನಾಗಿ ಒಲಿಯುತ್ತದೆ. ಕೌದಿಯ ಹೆಂಗಸು ಅಂಚನ್ನು ಪ್ರಮಾಣವಾಗಿ ಹಿಡಿದದ್ದು ಇದೇ ಕ್ರಮದಿಂದ.

ಈ ವಿದ್ಯೆಯ ಕಠಿನ ಪರೀಕ್ಷೆ ಗುಳೇದಗುಡ್ಡದ ಖಣದಲ್ಲಿ. ಎರಡೂ ಬದಿಗೆ ಅಂಚುಳ್ಳ ಆ ಅಗಲಕಿರಿದಾದ ಬಟ್ಟೆಯನ್ನು, ಅಂಚು ತೋಳಿನ ತುದಿಗೆ ಬರುವಂತೆ ಕತ್ತರಿಸಿ ಕುಪ್ಪಸ ಹೊಲಿದಾಗ, ಹೊಲಿಗೆಯು ಒಂದು ನೂಲಿನಷ್ಟು ವಾರೆಯಾದರೂ ನೇಕಾರನು ನೆಯ್ದ ಗೆರೆಯೇ ಅದನ್ನು ಎತ್ತಿ ತೋರಿಸುತ್ತದೆ. ಆದುದರಿಂದ ಜಾಣೆಯಾದವಳು ತೋಳಿನ ಎರಡು ಬದಿಯ ಅಂಚುಗಳನ್ನು ಗೆರೆಗೆ ಗೆರೆ ಹೊಂದಿಸಿ, ಕೈಯಿಂದ ಕಚ್ಚಾಹೊಲಿಗೆ ಹಾಕಿ, ಆಮೇಲೆಯೇ ಯಂತ್ರದ ಕಾಲಿನಡಿ ಇಡುತ್ತಾಳೆ.