ಅಜ್ಜಿ ಕಣ್ಣು ಮುಚ್ಚಿಸಿದ್ದು ಯಾವುದಕ್ಕೆ?

ನಮ್ಮೂರು ಕವಲಂದೆ. ನಾನು ಚಿಕ್ಕವನಿದ್ದಾಗ ಸಿನಿಮಾ ಅಂದರೆ ಅಜ್ಜಿಯ ಜೊತೆ ನಂಜನಗೂಡಿಗೆ ಹೋಗುವುದು. ತೆರೆಯ ಮೇಲೆ ನಾಯಕ ನಾಯಕಿಯ ಹತ್ತಿರ ಬಂದರೆ ಸಾಕು, "ಕಣ್ ಮುಚ್ಕ ಕೂಸು" ಅಂತ ಸೆರಗನ್ನೇ ನನ್ನ ಮುಖಕ್ಕೆ ಅಡ್ಡ ಹಿಡಿಯುತ್ತಿದ್ದರು. ಅದೇ ಖಳನ ಹೊಟ್ಟೆಗೆ ಚಾಕು ಬಿದ್ದಾಗ ಸೆರಗೂ ಇಲ್ಲ, ಮಾತೂ ಇಲ್ಲ. ಇಬ್ಬರೂ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆವು :-)

ಆ ಸೆರಗಿಗೂ ಒಂದು ಇತಿಹಾಸ ಇದೆ ಅಂತ ಗೊತ್ತಾಗಿದ್ದು ಆಮೇಲೆ. ನಮ್ಮಲ್ಲಿಗೆ ಸಿನಿಮಾ ಸೆನ್ಸಾರ್ ಬಂದದ್ದು ಬ್ರಿಟಿಷರ 1918ರ ಕಾಯ್ದೆಯಿಂದ. ತಮಾಷೆ ಅಂದರೆ ಆ ಕಾಲದಲ್ಲಿ ಮುತ್ತಿಗೆ ಇಷ್ಟು ಕಾವಲು ಇರಲಿಲ್ಲ. 1933ರ 'ಕರ್ಮ' ಚಿತ್ರದಲ್ಲಿ ದೇವಿಕಾ ರಾಣಿ, ಹಿಮಾಂಶು ರಾಯ್ ಮುತ್ತಿಡುವ ದೃಶ್ಯವೇ ಇದೆ. ಮುಂದಿನ ದಶಕಗಳಲ್ಲಿ ಮುತ್ತು ಮಾಯವಾಗಿ ಅದರ ಜಾಗದಲ್ಲಿ ಎರಡು ಹೂವು ತಲೆದೂಗತೊಡಗಿದವು. ಕತೆಗೆ ಬೇಕಿದ್ದರೆ ಮುತ್ತು, ನಗ್ನತೆ ಇರಲಿ ಬಿಡಿ ಅಂತ 1969ರಲ್ಲಿ ಖೋಸ್ಲಾ ಸಮಿತಿ ಹೇಳಿತು. 1970ರಲ್ಲಿ ಕೆ.ಎ. ಅಬ್ಬಾಸ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಸೆನ್ಸಾರನ್ನು ಎತ್ತಿ ಹಿಡಿದರೂ, ಕಾಮ ಅಂದದ್ದೆಲ್ಲ ಅಶ್ಲೀಲ ಅಲ್ಲ ಅಂತಲೂ ಹೇಳಿತು. ಆದರೂ ಸೆರಗು ಇಳಿಯಲಿಲ್ಲ.

ಇದು ನಮ್ಮ ಹಳ್ಳಿ ಬುದ್ಧಿ, ಅಮೆರಿಕದವರು ಹೀಗಲ್ಲ ಅಂದುಕೊಂಡಿದ್ದೆ. ಹಾಗೇನಿಲ್ಲ! 2004ರ ಸೂಪರ್ ಬೌಲ್ ಕಾರ್ಯಕ್ರಮದಲ್ಲಿ ಗಾಯಕಿ ಜಾನೆಟ್ ಜಾಕ್ಸನ್ ಎದೆ ಒಂದು ಕ್ಷಣ ಕಂಡಿದ್ದಕ್ಕೆ ಸಿಬಿಎಸ್ ವಾಹಿನಿಗೆ 5.5 ಲಕ್ಷ ಡಾಲರ್ ದಂಡ ಬಿತ್ತು (ಆಮೇಲೆ ಕೋರ್ಟು ಅದನ್ನು ರದ್ದು ಮಾಡಿತು). ಹಿಂಸೆಯ ವಿಡಿಯೋ ಗೇಮ್‌ಗಳನ್ನು ಮಕ್ಕಳಿಗೆ ಮಾರಬಾರದು ಅನ್ನುವ ಕ್ಯಾಲಿಫೋರ್ನಿಯಾದ ಕಾಯ್ದೆಯನ್ನು 2011ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ತಳ್ಳಿಹಾಕಿತು. ಬಹುಮತ ಒಪ್ಪದ ನ್ಯಾಯಮೂರ್ತಿ ಬ್ರೇಯರ್ ಕೇಳಿದ ಪ್ರಶ್ನೆ ಸರಿಯಾಗಿಯೇ ಇದೆ: 13 ವರ್ಷದ ಹುಡುಗನಿಗೆ ಬೆತ್ತಲೆ ಹೆಣ್ಣಿನ ಚಿತ್ರ ಮಾರುವಂತಿಲ್ಲ, ಅದೇ ಹೆಣ್ಣನ್ನು ಕಟ್ಟಿಹಾಕಿ ಹಿಂಸಿಸಿ ಕೊಲ್ಲುವ ಆಟ ಮಾರಬಹುದು... ಇದು ಯಾವ ನ್ಯಾಯ?

ನಮ್ಮ ಕನ್ನಡಕ್ಕೇ ಬನ್ನಿ. 2012ರಲ್ಲಿ 'ದಂಡುಪಾಳ್ಯ' ಬಂತು. ಮನೆಗೆ ನುಗ್ಗಿ ಕತ್ತು ಕೊಯ್ಯುತ್ತಿದ್ದ ತಂಡದ ಕತೆ ಅದು. ಗಲಾಟೆ ಎದ್ದದ್ದು ಪೂಜಾ ಗಾಂಧಿಯವರ ಬೆನ್ನು ಕಾಣುವ ದೃಶ್ಯಕ್ಕೆ! 2017ರಲ್ಲಿ ಕೇಂದ್ರ ಸರ್ಕಾರ ಬೆಳಗ್ಗೆ 6ರಿಂದ ರಾತ್ರಿ 10ರವರೆಗೆ ಕಾಂಡೋಮ್ ಜಾಹೀರಾತು ಬೇಡ ಅಂತ ವಾಹಿನಿಗಳಿಗೆ ಸೂಚಿಸಿ, ಆಮೇಲೆ ಅಶ್ಲೀಲವಾದವಕ್ಕೆ ಮಾತ್ರ ಅಂತ ಸ್ಪಷ್ಟನೆ ಕೊಟ್ಟಿತು. 2022ರ 'ಕೆಜಿಎಫ್ 2'ಗೆ ಸಿಕ್ಕಿದ್ದು ಯು/ಎ. ಅಂದರೆ ಹಿರಿಯರು ಜೊತೆಗಿದ್ದರೆ ಮಕ್ಕಳೂ ನೋಡಬಹುದು.

ನಾವೂ ಹೋಗಿದ್ದೆವು, ಮನೆಮಂದಿಯೆಲ್ಲ. ಅಕ್ಕನ ಮಗಳಿಗೆ ಆಗ 11 ವರ್ಷ. ಸುತ್ತಿಗೆ ಏಟು, ಗುಂಡಿನ ಮಳೆ, ರಕ್ತ, ಎಲ್ಲವನ್ನೂ ಪಾಪ್‌ಕಾರ್ನ್ ತಿನ್ನುತ್ತಾ ನೋಡಿದಳು. ಯಾರೂ ಅವಳ ಕಣ್ಣು ಮುಚ್ಚಲಿಲ್ಲ.

ಅದಾದ ಕೆಲವು ತಿಂಗಳಿಗೆ ಅವಳು ದೊಡ್ಡವಳಾದಳು. ನಮಗೆ ಗೊತ್ತಾಗಿದ್ದು ಎರಡು ದಿನ ಬಿಟ್ಟು. ಏನೋ ಕಾಯಿಲೆ ಬಂದಿದೆ, ಸತ್ತೇ ಹೋಗ್ತೀನಿ ಅಂದುಕೊಂಡು ಒಬ್ಬಳೇ ಅಳುತ್ತಿದ್ದಳಂತೆ. ತೆರೆಯ ಮೇಲೆ ಅಷ್ಟು ರಕ್ತ ನೋಡಿದ್ದ ಹುಡುಗಿಗೆ ತನ್ನ ಮೈಯ ರಕ್ತದ ಬಗ್ಗೆ ಯಾರೂ ಒಂದು ಮಾತು ಹೇಳಿರಲಿಲ್ಲ. ಟೀವಿಯಲ್ಲಿ ಪ್ಯಾಡಿನ ಜಾಹೀರಾತು ಬಂದಾಗಲೆಲ್ಲ ಚಾನೆಲ್ ಬದಲಿಸುತ್ತಿದ್ದವನು ಬೇರೆ ಯಾರೂ ಅಲ್ಲ, ನಾನೇ.

ಅಜ್ಜಿಯ ಸೆರಗನ್ನು ನೆನೆಸಿಕೊಂಡು ನಗುತ್ತಿದ್ದವನು ನಾನು. ಸೆರಗು ಹೋಗಿ ರಿಮೋಟು ಬಂದಿತ್ತು, ಅಷ್ಟೇ. ಮುಚ್ಚಿದ್ದು ಮಗುವಿಗೆ ಕೆಟ್ಟದ್ದಾಗುವುದನ್ನಲ್ಲ, ನಮಗೆ ನಾಚಿಕೆಯಾಗುವುದನ್ನು.

ಈಗ ರಿಮೋಟು ಅವಳ ಕೈಗೇ ಕೊಟ್ಟಿದ್ದೇನೆ. ಕೇಳಿದ್ದಕ್ಕೆ ತೊದಲುತ್ತಲಾದರೂ ಉತ್ತರ ಹೇಳುತ್ತೇನೆ. ನಿಮ್ಮ ಮನೆಯಲ್ಲಿ ಹೇಗೆ?