ಹಸಿರು ಶಾಲು ಯುರೋಪಿಗೆ ಹೋದ ವರ್ಷ

1999ರ ಜೂನ್ 5. ಫ್ರಾನ್ಸ್ ದೇಶದ ದಕ್ಷಿಣಕ್ಕಿರುವ ಮೊಂಪೆಲಿಯೆ ನಗರ. ಅಲ್ಲಿನ ಕೃಷಿ ಸಂಶೋಧನಾ ಸಂಸ್ಥೆಯೊಂದರ ಗಾಜಿನ ಮನೆಯಲ್ಲಿ ಕುಲಾಂತರಿ ಭತ್ತದ ಸಸಿಗಳನ್ನು ಬೆಳೆಸಿದ್ದರು. ಅವತ್ತು ಫ್ರೆಂಚ್ ರೈತರ ಗುಂಪೊಂದು ಒಳಗೆ ನುಗ್ಗಿ ಆ ಸಸಿಗಳನ್ನು ಹಾಳುಗೆಡವಿತು. ಅವರ ಜೊತೆಯಲ್ಲಿ ಭಾರತದಿಂದ ಹೋದ ರೈತರೂ ಇದ್ದರು.

ನಮ್ಮ ರೈತರು ಅಲ್ಲಿಗೆ ಹೋದದ್ದಾದರೂ ಯಾಕೆ? ಈ ಕಥೆ ಶುರುವಾಗೋದು ಬೆಂಗಳೂರಿನಿಂದ.

1991ರ ಕೊನೆಗೆ ಆರ್ಥರ್ ಡಂಕೆಲ್ ಎಂಬ ಅಧಿಕಾರಿ ವಿಶ್ವ ವ್ಯಾಪಾರ ಒಪ್ಪಂದದ ಕರಡೊಂದನ್ನು ಮುಂದಿಟ್ಟರು. ನಮ್ಮ ಹಿರಿಯರು ಅದನ್ನು ಡಂಕೆಲ್ ಪ್ರಸ್ತಾವ ಅಂತಲೇ ಕರೆಯುತ್ತಿದ್ದರು. ನೂರಾರು ಪುಟಗಳ ಇಂಗ್ಲಿಷ್ ದಾಖಲೆ. ಅದನ್ನು ಓದಿ ಹಳ್ಳಿಗೆ ಅರ್ಥವಾಗುವಂತೆ ಹೇಳಿದವರಲ್ಲಿ ಕರ್ನಾಟಕ ರಾಜ್ಯ ರೈತ ಸಂಘದ ಎಂ.ಡಿ. ನಂಜುಂಡಸ್ವಾಮಿ ಮುಖ್ಯರು. ಕಾನೂನು ಓದಿದ್ದವರು, ಕಾನೂನು ಪಾಠ ಹೇಳಿದ್ದವರು. ಎಲ್ಲರ ಬಾಯಲ್ಲೂ ‘ಪ್ರೊಫೆಸರ್’. ಅವರು ಹೇಳಿದ್ದರ ತಿರುಳು ಇಷ್ಟು: ಬೀಜದ ಮೇಲೆ ಕಂಪನಿಗೆ ಒಡೆತನ ಸಿಕ್ಕರೆ, ಕಣದಲ್ಲಿ ತೆಗೆದಿಟ್ಟ ಬೀಜವನ್ನು ಮುಂದಿನ ವರ್ಷ ಬಿತ್ತೋದಕ್ಕೂ, ಪಕ್ಕದ ಮನೆಗೆ ಎರಡು ಸೇರು ಕೊಡೋದಕ್ಕೂ ಅಪ್ಪಣೆ ಕೇಳಬೇಕಾಗುತ್ತದೆ.

1992ರ ಡಿಸೆಂಬರ್ 29ರಂದು ರೈತ ಸಂಘದವರು ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿ ಕಡತಗಳನ್ನು ಹೊರಗೆಸೆದು ಸುಟ್ಟರು. ಮರು ವರ್ಷ ಜುಲೈನಲ್ಲಿ ಬಳ್ಳಾರಿಯಲ್ಲಿ ಕಟ್ಟುತ್ತಿದ್ದ ಅದೇ ಕಂಪನಿಯ ಘಟಕವನ್ನು ಕೆಡವಿದರು. ಅಕ್ಟೋಬರ್‌ನಲ್ಲಿ, ಗಾಂಧಿ ಜಯಂತಿಯ ಹೊತ್ತಿಗೆ, ಬೆಂಗಳೂರಿನಲ್ಲಿ ಬೀಜ ಸತ್ಯಾಗ್ರಹದ ದೊಡ್ಡ ರ‍್ಯಾಲಿ ಆಯಿತು. ಬೇರೆ ದೇಶಗಳ ರೈತ ಪ್ರತಿನಿಧಿಗಳೂ ಅದಕ್ಕೆ ಬಂದಿದ್ದರು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇವೆ. ದೇಶದ ರೈತರೆಲ್ಲ ಒಂದೇ ಕಡೆ ಇರಲಿಲ್ಲ. ಮಹಾರಾಷ್ಟ್ರದ ಶೇತ್ಕರಿ ಸಂಘಟನೆಯ ಶರದ್ ಜೋಶಿ ಮುಕ್ತ ವ್ಯಾಪಾರದ ಪರವಾಗಿದ್ದರು. ಸರ್ಕಾರದ ಕಟ್ಟುಪಾಡು ಹೋದರೆ ರೈತನಿಗೆ ಒಳ್ಳೆ ಬೆಲೆ ಸಿಗುತ್ತದೆ ಅನ್ನೋದು ಅವರ ವಾದ. ಅದನ್ನು ಕಂಪನಿಗಳ ಮಾತು ಅಂತ ತಳ್ಳಿಹಾಕೋದು ಸುಲಭ. ಆದರೆ ಅವರ ಹಿಂದೆಯೂ ಲಕ್ಷಾಂತರ ರೈತರಿದ್ದರು.

ಅದೇ 1993ರಲ್ಲಿ ಬೆಲ್ಜಿಯಂ ದೇಶದ ಮೋನ್ಸ್ ಎಂಬಲ್ಲಿ ಹಲವು ದೇಶಗಳ ಸಣ್ಣ ರೈತರ ಸಂಘಟನೆಗಳು ಸೇರಿ ‘ಲಾ ವಿಯಾ ಕಂಪೆಸಿನಾ’ ಕಟ್ಟಿದವು. ಸ್ಪ್ಯಾನಿಷ್ ಹೆಸರು, ರೈತರ ದಾರಿ ಅಂತ ಅರ್ಥ. ನಮ್ಮ ರೈತ ಸಂಘವೂ ಮೊದಮೊದಲ ವರ್ಷಗಳಲ್ಲೇ ಇದರೊಳಗೆ ಬಂತು. 1996ರ ಏಪ್ರಿಲ್‌ನಲ್ಲಿ ಮೆಕ್ಸಿಕೋದಲ್ಲಿ ಇದರ ಎರಡನೇ ಸಮ್ಮೇಳನ. ಅದೇ ದಿನಗಳಲ್ಲಿ, ಏಪ್ರಿಲ್ 17ರಂದು, ಬ್ರೆಜಿಲ್‌ನ ಎಲ್ಡೊರಾಡೊ ದೋಸ್ ಕರಜಾಸ್‌ನಲ್ಲಿ ಭೂಮಿ ಕೇಳಿ ಹೊರಟಿದ್ದ ಭೂಹೀನರ ಮೇಲೆ ಪೊಲೀಸರು ಗುಂಡು ಹಾರಿಸಿದರು. 19 ಜನ ಸತ್ತರು. ಅಂದಿನಿಂದ ಆ ದಿನವನ್ನು ಎಷ್ಟೋ ದೇಶಗಳಲ್ಲಿ ರೈತ ಹೋರಾಟದ ದಿನವಾಗಿ ಆಚರಿಸುತ್ತಾರೆ. ಆ ವರ್ಷವೇ ರೋಮ್‌ನ ವಿಶ್ವ ಆಹಾರ ಶೃಂಗಸಭೆಯ ಹೊತ್ತಿಗೆ ಈ ಸಂಘಟನೆ ‘ಆಹಾರ ಸಾರ್ವಭೌಮತ್ವ’ ಎಂಬ ಮಾತನ್ನು ಮುಂದಿಟ್ಟಿತು. ಹೊಟ್ಟೆ ತುಂಬಿದರೆ ಸಾಲದು; ಏನು ಬೆಳೆಯಬೇಕು, ಹೇಗೆ ಬೆಳೆಯಬೇಕು ಅನ್ನೋದನ್ನು ಬೆಳೆಯುವವರೂ ಉಣ್ಣುವವರೂ ತೀರ್ಮಾನಿಸಬೇಕು ಅಂತ.

ಇತ್ತ 1998ರ ನವೆಂಬರ್‌ನಲ್ಲಿ ರಾಯಚೂರು ಜಿಲ್ಲೆಯ ಮಲದಕಲ್ ಗ್ರಾಮದಲ್ಲಿ ರೈತ ಸಂಘದವರು ಮಾನ್ಸಾಂಟೊ ಕಂಪನಿಯ ಬಿಟಿ ಹತ್ತಿಯ ಪ್ರಯೋಗದ ಬೆಳೆಯನ್ನು ಕಿತ್ತು ಸುಟ್ಟರು. ಅದು ಎಂಥ ಹತ್ತಿ ಅಂತ ಹೊಲದವರಿಗೇ ಸರಿಯಾಗಿ ಹೇಳಿರಲಿಲ್ಲ ಅನ್ನೋದು ಸಂಘದ ಆರೋಪ.

ಆರು ತಿಂಗಳ ನಂತರ ಹೊರಟಿತು ಖಂಡಾಂತರ ಜಾಥಾ. ನಾನೂರಕ್ಕೂ ಹೆಚ್ಚು ಜನ. ಹೆಚ್ಚಿನವರು ಭಾರತದ ರೈತರು, ಅದರಲ್ಲಿ ನಮ್ಮ ಹಸಿರು ಶಾಲಿನವರೂ ಇದ್ದರು. 1999ರ ಮೇ ಕೊನೆಯಿಂದ ಸುಮಾರು ಒಂದು ತಿಂಗಳು ಬಸ್ಸುಗಳಲ್ಲಿ ಯುರೋಪಿನ ದೇಶಗಳನ್ನು ಸುತ್ತಿದರು. ಜಿನೀವಾದಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಮುಂದೆ ನಿಂತರು. ಜರ್ಮನಿಯ ಕೊಲೋನ್‌ನಲ್ಲಿ ಶ್ರೀಮಂತ ದೇಶಗಳ ನಾಯಕರು ಸೇರುವ ಹೊತ್ತಿಗೆ ‘ನಗುವ ಮೆರವಣಿಗೆ’ ಮಾಡಬೇಕು ಅನ್ನೋದು ಯೋಜನೆ. ಬೈಯೋದಲ್ಲ, ಕಲ್ಲು ತೂರೋದಲ್ಲ, ನಿಂತು ನಗೋದು. ಪೊಲೀಸರು ತಡೆದು ಹಿಡಿದಿಟ್ಟರು.

ಈಗ ನೀವು ಒಂದು ಪ್ರಶ್ನೆ ಕೇಳಬಹುದು. ಯುರೋಪಿನ ರೈತನಿಗೆ ಅಲ್ಲಿನ ಸರ್ಕಾರ ಕೈತುಂಬ ಸಬ್ಸಿಡಿ ಕೊಡುತ್ತದೆ. ಆ ಸಬ್ಸಿಡಿಯ ಹಾಲಿನ ಪುಡಿ, ಗೋಧಿ ಕಡಿಮೆ ಬೆಲೆಗೆ ಬಡ ದೇಶಗಳಿಗೆ ಬಂದು ಬೀಳುತ್ತದೆ. ಅವನೂ ನಮ್ಮವನೂ ಒಂದೇ ಸಾಲಿನಲ್ಲಿ ನಿಲ್ಲೋದು ಹೇಗೆ? ನಮಗೂ ಈ ಅನುಮಾನ ಇತ್ತು. ಜಾಥಾವನ್ನು ಬರಮಾಡಿಕೊಂಡವರಲ್ಲಿ ಫ್ರಾನ್ಸಿನ ‘ಕಾನ್ಫೆಡರಸಿಯೋಂ ಪೇಯಿಸಾನ್’ ಇತ್ತು, ಅದು ಸಣ್ಣ ಹಿಡುವಳಿದಾರರ ಸಂಘ. ಯುರೋಪಿನ ಸಬ್ಸಿಡಿಯ ದೊಡ್ಡ ಪಾಲು ಹೋಗೋದು ದೊಡ್ಡ ಜಮೀನುಗಳಿಗೆ. ಹತ್ತಿಪ್ಪತ್ತು ಹಸು ಕಟ್ಟಿದವರು ಅಲ್ಲೂ ಕೊಟ್ಟಿಗೆಗೆ ಬೀಗ ಹಾಕುತ್ತಿದ್ದರು. ಹೊರದೇಶಕ್ಕೆ ಅಗ್ಗದ ಮಾಲು ಸುರಿಯುವುದನ್ನು ಆ ಸಂಘವೇ ವಿರೋಧಿಸುತ್ತಿತ್ತು. ಇಬ್ಬರ ಕಷ್ಟ ಒಂದೇ ಅಲ್ಲ, ಆದರೆ ಇಬ್ಬರಿಗೂ ಕಷ್ಟ ಕೊಡುತ್ತಿದ್ದ ಕಾಗದ ಒಂದೇ ಆಗಿತ್ತು.

ಮೊಂಪೆಲಿಯೆ ಪ್ರಕರಣದಲ್ಲಿ ಆ ಸಂಘದ ಜೋಸೆ ಬೋವೆ ಮತ್ತು ಸಂಗಡಿಗರಿಗೆ ಶಿಕ್ಷೆಯಾಯಿತು. ಇದೂ ಸೇರಿ ಕುಲಾಂತರಿ ಬೆಳೆ ನಾಶದ ಪ್ರಕರಣಗಳಲ್ಲಿ ಬೋವೆ 2003ರಲ್ಲಿ ಜೈಲಿಗೆ ಹೋದರು. ಆದರೆ ಅವರು ನುಗ್ಗಿದ್ದು ಕಂಪನಿಯ ಗೋದಾಮಿಗಲ್ಲ, ಸರ್ಕಾರಿ ಸಂಶೋಧನಾ ಸಂಸ್ಥೆಗೆ. ವಿಜ್ಞಾನಿಗಳ ಪ್ರಯೋಗ ಹಾಳುಮಾಡಿದ್ದು ಸರಿಯೇ ಎಂಬ ಜಗಳ ಅಲ್ಲಿ ಬಹಳ ದಿನ ನಡೆಯಿತು. ನಮ್ಮೊಳಗೂ ಇದರ ಬಗ್ಗೆ ಒಮ್ಮತ ಇಲ್ಲ.

ಜಾಥಾದ ಇನ್ನೊಂದು ಕೊರತೆಯನ್ನೂ ಮುಚ್ಚಿಡಬಾರದು. ಹೋದವರಲ್ಲಿ ಹೆಂಗಸರು ಕಡಿಮೆ. ಒಂದು ತಿಂಗಳು ದೇಶ ಬಿಟ್ಟಿರೋದು ದಿನಗೂಲಿಯವರಿಗೆ ಆಗುವ ಕೆಲಸವಲ್ಲ. ಮನೆಯಲ್ಲಿ ಬೀಜ ಆರಿಸಿ, ಬೂದಿ ಬೆರೆಸಿ, ಮಡಕೆಯಲ್ಲಿ ಕಾಪಾಡುವ ಅವ್ವಂದಿರು ಊರಲ್ಲೇ ಉಳಿದರು. ಬೀಜದ ಬಗ್ಗೆ ಮಾತಾಡಿದವರು ಹೆಚ್ಚಾಗಿ ಗಂಡಸರು.

ಇಷ್ಟೆಲ್ಲ ಆಗಿ ಬಿಟಿ ಹತ್ತಿ ನಿಂತಿತೇ? ಇಲ್ಲ. 2002ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಅನುಮತಿ ಕೊಟ್ಟಿತು. ಅದಕ್ಕೂ ಮೊದಲೇ ಗುಜರಾತಿನ ರೈತರು ಅದನ್ನು ಕದ್ದುಮುಚ್ಚಿ ಬಿತ್ತಿದ್ದರು. ಇವತ್ತು ರಾಯಚೂರಿನ ಹೊಲಗಳಲ್ಲೂ ಅದೇ ಇದೆ, ಗುಲಾಬಿ ಕಾಯಿಕೊರಕದ ಕಾಟವೂ ಇದೆ. ನಂಜುಂಡಸ್ವಾಮಿಯವರು 2004ರ ಫೆಬ್ರವರಿಯಲ್ಲಿ ತೀರಿಕೊಂಡರು. ಆರು ವರ್ಷದ ನಂತರ, 2010ರ ಫೆಬ್ರವರಿಯಲ್ಲಿ, ಬಿಟಿ ಬದನೆಗೆ ಮಾತ್ರ ಕೇಂದ್ರವೇ ತಡೆ ಹಾಕಿತು. ಅದಕ್ಕೆ ಮೊದಲು ಊರೂರಲ್ಲಿ ಸಾರ್ವಜನಿಕ ಸಭೆ ನಡೆದಿದ್ದವು, ಬೆಂಗಳೂರಿನಲ್ಲೂ.

ಉಳಿದದ್ದು ಇನ್ನೆರಡು ಕಾಗದ. ಒಂದು, ವಿಶ್ವಸಂಸ್ಥೆ 2018ರ ಡಿಸೆಂಬರ್ 17ರಂದು ಅಂಗೀಕರಿಸಿದ ರೈತರ ಹಕ್ಕುಗಳ ಘೋಷಣೆ. ಇಂಡೋನೇಷ್ಯಾದ ರೈತರು ಎತ್ತಿದ ಬೇಡಿಕೆಯನ್ನು ವಿಯಾ ಕಂಪೆಸಿನಾ ವರ್ಷಗಟ್ಟಲೆ ಹೊತ್ತು ತಿರುಗಿ ಪಡೆದದ್ದು. ಪರ 121 ಮತ, ವಿರೋಧ 8. ಅದರಲ್ಲಿ ಬೀಜದ ಹಕ್ಕಿದೆ, ಭೂಮಿಯ ಹಕ್ಕಿದೆ. ರೈತ ಅಂದರೆ ಪಹಣಿ ಇದ್ದವನು ಮಾತ್ರ ಅಲ್ಲ: ಕೂಲಿಯವರು, ಕುರಿ ಕಾಯುವವರು, ಮೀನು ಹಿಡಿಯುವವರು ಎಲ್ಲ ಅದರಲ್ಲಿ ಬರುತ್ತಾರೆ. ಹೆಂಗಸರ ಹಕ್ಕಿಗೇ ಬೇರೆ ವಿಧಿ ಇದೆ. ಆದರೆ ಘೋಷಣೆ ಕಾನೂನಲ್ಲ. ಅದನ್ನು ಹಿಡಿದು ನೇರ ಕೋರ್ಟಿಗೆ ಹೋಗಲಾಗದು.

ಕೋರ್ಟಿಗೆ ಹಿಡಿದುಕೊಂಡು ಹೋಗಬಹುದಾದ್ದು ಎರಡನೆಯದು, ನಮ್ಮದೇ ದೇಶದ 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ. 2019ರಲ್ಲಿ ಪೆಪ್ಸಿಕೋ ತನ್ನ ಹೆಸರಲ್ಲಿ ನೋಂದಾಯಿಸಿದ್ದ ಆಲೂಗಡ್ಡೆ ತಳಿ ಬೆಳೆದರೆಂದು ಗುಜರಾತಿನ ರೈತರ ಮೇಲೆ ದಾವೆ ಹೂಡಿ, ಕೆಲವರಿಂದ ತಲಾ ಒಂದು ಕೋಟಿಗೂ ಹೆಚ್ಚು ಪರಿಹಾರ ಕೇಳಿತು. ಡಂಕೆಲ್ ಕಾಲದಲ್ಲಿ ಪ್ರೊಫೆಸರ್ ಹೇಳಿದ್ದ ಭಯ ಕಣ್ಣೆದುರಿಗೆ ಬಂದು ನಿಂತಿತ್ತು. ದೇಶದ ಬೇರೆ ಬೇರೆ ಕಡೆಯ ರೈತ ಸಂಘಟನೆಗಳು ದನಿ ಎತ್ತಿದವು. ಅವರು ಕೈಯಲ್ಲಿ ಹಿಡಿದದ್ದು ಈ ಕಾಯ್ದೆಯ 39ನೇ ಕಲಮನ್ನು. ಮೇ ತಿಂಗಳಲ್ಲಿ ಕಂಪನಿ ದಾವೆ ಹಿಂದಕ್ಕೆ ಪಡೆಯಿತು.

ಆ ಕಲಂ ಹೇಳೋದು: ಕಾಯ್ದೆ ಬರುವ ಮೊದಲಿನಂತೆಯೇ ರೈತ ತಾನು ಬೆಳೆದದ್ದನ್ನು, ಬೀಜವನ್ನೂ ಸೇರಿಸಿ, ಇಟ್ಟುಕೊಳ್ಳಬಹುದು, ಬಿತ್ತಬಹುದು, ಬದಲಾಯಿಸಿಕೊಳ್ಳಬಹುದು, ಹಂಚಬಹುದು, ಮಾರಬಹುದು. ಕಾಯ್ದೆಯಡಿ ರಕ್ಷಣೆ ಪಡೆದ ತಳಿಯಾದರೆ ಅದರ ಬೀಜವನ್ನು ಬ್ರಾಂಡ್ ಹೆಸರು ಹಾಕಿದ ಚೀಲದಲ್ಲಿ ಮಾರುವಂತಿಲ್ಲ, ಅಷ್ಟೇ.